ಮಾಳಿಗೆಯ ಸೂರ್ಯವಿದ್ಯುತ್ತೂ ಊರಿನ ತಂತಿಯೂ

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ನೆಲೆನಿಂತ ನಮ್ಮ ಕನ್ನಡ ಮನೆಗಳವರು ಈಚೆಗೆ ಮಾಳಿಗೆಯ ಮೇಲೆ ಸೋಲಾರ್ ಪ್ಯಾನಲ್ ಹಾಕಿಸಲು ಮುಂದಾಗುತ್ತಿರುವುದು ಸಂತೋಷದ ವಿಷಯ. ಆದರೆ ಹಾಕಿಸಿದವರು ನಮ್ಮನ್ನು ಕೇಳುವ ಪ್ರಶ್ನೆಗಳನ್ನು ನೋಡಿದರೆ, ಮಾರಲು ಬಂದವರು ಹೇಳಬೇಕಾದ ಮಾತಿನಲ್ಲಿ ಅರ್ಧವನ್ನು ನುಂಗಿಕೊಂಡಿದ್ದಾರೆಂದು ತೋರುತ್ತದೆ. ಅನ್ನೂರಿನ ಕಡೆಯ ಹಿರಿಯರೊಬ್ಬರು ನಮ್ಮೊಡನೆ ಹೀಗೆ ಹೇಳಿಕೊಂಡರು: "ನಡುಮಧ್ಯಾಹ್ನ, ಕಣ್ಣು ಬಿಡಲಾಗದಂಥ ಬಿಸಿಲು. ಇ.ಬಿ. ಕರೆಂಟು ಹೋಯಿತು. ಹೋದರೆ ಹೋಗಲಿ, ಮೇಲೆ ನಮ್ಮದೇ ಇದೆಯಲ್ಲ ಎಂದು ಕುಳಿತೆ. ಫ್ಯಾನು ತಿರುಗಲೇ ಇಲ್ಲ. ಎಮ್ಮೆ ನಮ್ಮದು, ಹಾಲು ಕರೆಯುವುದಕ್ಕೆ ಮಾತ್ರ ಊರವರ ಅಪ್ಪಣೆಯೇ?"

ಹಿರಿಯರ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಯಂತ್ರ ಕೆಟ್ಟಿರಲಿಲ್ಲ. ಮಾಡಬೇಕಾದ ಕೆಲಸವನ್ನೇ ಮಾಡಿತ್ತು. ಅದು ಏಕೆ ಹಾಗೆ ಮಾಡಿತು ಎಂಬುದನ್ನು ತಿಳಿದರೆ ಮಿಕ್ಕ ಸಂಗತಿಗಳೂ ತಾವಾಗಿ ಬಿಡಿಸಿಕೊಳ್ಳುತ್ತವೆ. ಆದುದರಿಂದ ಈ ವಾರದ ಪಾಠವನ್ನು ಅಲ್ಲಿಂದಲೇ ಹಿಡಿಯುತ್ತೇವೆ.

ಕರೆಂಟು ಹೋದಾಗ

ಮನೆಯ ಸೂರ್ಯವಿದ್ಯುತ್ತಿನಲ್ಲಿ ಎರಡು ಬಗೆಯುಂಟು. ಒಂದು, ಬ್ಯಾಟರಿಯಲ್ಲಿ ತುಂಬಿಟ್ಟುಕೊಂಡು ತಾನೇ ಬಳಸುವುದು. ಇದಕ್ಕೆ ಊರಿನ ತಂತಿಯ ಹಂಗಿಲ್ಲ. ಆದರೆ ಬ್ಯಾಟರಿಯ ಬೆಲೆ ಹೆಚ್ಚು, ಕೆಲವು ವರ್ಷಗಳಿಗೆ ಅದನ್ನು ಬದಲಿಸಬೇಕು. ಇನ್ನೊಂದು, ಬ್ಯಾಟರಿಯಿಲ್ಲದೆ ನೇರವಾಗಿ ಊರಿನ ತಂತಿಗೆ ಸೇರಿಸುವುದು. ಸರ್ಕಾರದ ಸಹಾಯಧನದಲ್ಲಿ ಈಗ ಹೆಚ್ಚಾಗಿ ಹಾಕಿಸುತ್ತಿರುವುದು ಈ ಎರಡನೆಯ ಬಗೆಯನ್ನೇ.

ಪ್ಯಾನಲಿನಿಂದ ಬರುವುದು ಬ್ಯಾಟರಿಯ ಕರೆಂಟಿನಂತೆ ಒಂದೇ ಕಡೆಗೆ ಹರಿಯುವ ವಿದ್ಯುತ್ತು. ನಮ್ಮ ಮನೆಗಳಲ್ಲಿ ಓಡುವುದು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತೂಗಾಡುವ ವಿದ್ಯುತ್ತು. ಇದನ್ನು ಅದಾಗಿ ಮಾರ್ಪಡಿಸುವುದು ಗೋಡೆಯ ಮೇಲಿನ ಇನ್ವರ್ಟರ್ ಪೆಟ್ಟಿಗೆ. ಭಜನೆಯಲ್ಲಿ ತಾಳ ಹಾಕುವವರು ಮುಂದಿನವರ ತಾಳವನ್ನು ಕೇಳಿ ಹಾಕುವಂತೆ, ಈ ಪೆಟ್ಟಿಗೆ ಊರಿನ ತಂತಿಯ ತೂಗಾಟವನ್ನು ನೋಡಿಕೊಂಡು ತನ್ನದನ್ನು ಅದರೊಡನೆ ಕೂಡಿಸುತ್ತದೆ. ತಂತಿಯಲ್ಲಿ ಕರೆಂಟು ಸತ್ತರೆ ಕೇಳಲು ತಾಳವಿಲ್ಲ, ಪೆಟ್ಟಿಗೆ ನಿಲ್ಲುತ್ತದೆ.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಊರ ಮುಂದಿನ ಟ್ರಾನ್ಸ್‌ಫಾರ್ಮರ್ 11,000 ವೋಲ್ಟನ್ನು ಇಳಿಸಿ ಮನೆಗೆ ಕೊಡುತ್ತದೆಂಬುದನ್ನು ಎಲ್ಲರೂ ಬಲ್ಲರು. ಆದರೆ ಅದೇ ಯಂತ್ರವು ಹಿಂದುಮುಂದಾಗಿಯೂ ಕೆಲಸ ಮಾಡಬಲ್ಲದೆಂಬುದು ಎಲ್ಲರಿಗೂ ತಿಳಿದಿಲ್ಲ. ಮನೆಯ ಕಡೆಯಿಂದ 230 ವೋಲ್ಟು ನುಗ್ಗಿದರೆ ಆಚೆ ಕಡೆಯ ತಂತಿಯಲ್ಲಿ 11,000 ವೋಲ್ಟು ಏಳುತ್ತದೆ. ಮಳೆಗಾಳಿಗೆ ತಂತಿ ಕಡಿದಿದೆ, ಲೈನ್‌ಮ್ಯಾನ್ ಸ್ವಿಚ್ಚು ಇಳಿಸಿ ಕಂಬ ಹತ್ತಿದ್ದಾನೆ ಎಂದಿಟ್ಟುಕೊಳ್ಳಿ. ಆ ಹೊತ್ತಿನಲ್ಲಿ ನಮ್ಮ ಮಾಳಿಗೆಯಿಂದ ಕರೆಂಟು ಹಿಮ್ಮುಖವಾಗಿ ಹೊರಟರೆ ಅವನ ಗತಿಯೇನು? ಇದಕ್ಕಾಗಿಯೇ ಕೇಂದ್ರ ವಿದ್ಯುತ್ ಪ್ರಾಧಿಕಾರದವರು 2013ರ ನಿಯಮಗಳಲ್ಲಿ, ಊರಿನ ತಂತಿ ಸತ್ತರೆ ಇಂಥ ಯಂತ್ರಗಳು 2 ಸೆಕೆಂಡಿನೊಳಗೆ ತಾವಾಗಿ ಕಳಚಿಕೊಳ್ಳತಕ್ಕದ್ದೆಂದು ಕಟ್ಟು ಮಾಡಿದ್ದಾರೆ. ಕರೆಂಟು ಮರಳಿದ ಮೇಲೂ ಒಂದು ನಿಮಿಷ ಸ್ಥಿರವಾಗಿ ನಿಂತಿದೆಯೆಂದು ಕಂಡ ನಂತರವೇ ಅವು ಮತ್ತೆ ಸೇರಿಕೊಳ್ಳಬೇಕು.

ಈ ಮಾತನ್ನು ಹೇಳುವಾಗ ಇನ್ನೊಂದನ್ನು ಒತ್ತಿ ಹೇಳುತ್ತೇವೆ. ಕರೆಂಟು ಹೋದಾಗ ಜನರೇಟರನ್ನಾಗಲಿ ಬ್ಯಾಟರಿಯ ಇನ್ವರ್ಟರನ್ನಾಗಲಿ ಪ್ಲಗ್ಗಿನ ಮೂಲಕ ಮನೆಯ ವಯರಿಂಗಿಗೆ ಚುಚ್ಚುವ ಚಟ ಕೆಲವು ತೋಟದ ಮನೆಗಳಲ್ಲಿದೆ. ಅವುಗಳಲ್ಲಿ ಈ 2 ಸೆಕೆಂಡಿನ ಕಾವಲು ಇರುವುದಿಲ್ಲ. ನಡುವೆ ಸರಿಯಾದ ಚೇಂಜ್‌ಓವರ್ ಸ್ವಿಚ್ಚಿಲ್ಲದೆ ಹಾಗೆ ಮಾಡುವುದು ಕಂಬದ ಮೇಲಿರುವವನನ್ನು ಕೊಲ್ಲುವುದಕ್ಕೆ ಸಮ. ಅವನೂ ನಮ್ಮ ಪಕ್ಕದ ಊರಿನವನೇ.

ಕರೆಂಟು ಹೋದಾಗಲೂ ದೀಪ ಬೇಕೇಬೇಕೆಂಬ ಮನೆಗಳಿಗೆ ಬ್ಯಾಟರಿಯನ್ನೂ ಕೂಡಿಸಿದ ಇನ್ವರ್ಟರುಗಳು ದೊರೆಯುತ್ತವೆ. ಅವು ಮೊದಲು ಊರಿನ ತಂತಿಯಿಂದ ತಮ್ಮನ್ನು ಬಿಡಿಸಿಕೊಂಡು ಆಮೇಲೆ ಮನೆಗೆ ಮಾತ್ರ ಕೊಡುತ್ತವೆ. ಖರ್ಚು ಹೆಚ್ಚೆಂಬುದನ್ನು ಮೊದಲೇ ಅರಿತಿರಬೇಕು.

ತುದಿಮನೆಯ ವೋಲ್ಟೇಜು

1932ರಲ್ಲಿ ನೀಲಗಿರಿಯ ಪೈಕಾರದಲ್ಲಿ ಜಲವಿದ್ಯುತ್ತು ಹುಟ್ಟಿ ಕೊಯಮತ್ತೂರಿನ ಗಿರಣಿಗಳಿಗೂ ಬಾವಿಯ ಪಂಪುಗಳಿಗೂ ಇಳಿದು ಬಂದಂದಿನಿಂದ ನಮ್ಮ ಊರುಗಳ ತಂತಿ ಒಂದೇ ದಿಕ್ಕಿನ ಹರಿವಿಗೆ ಕಟ್ಟಿದ ತಂತಿ. ಮೇಲಿನಿಂದ ಕೆಳಕ್ಕೆ, ಸಬ್‌ಸ್ಟೇಷನ್ನಿನಿಂದ ಟ್ರಾನ್ಸ್‌ಫಾರ್ಮರಿಗೆ, ಅಲ್ಲಿಂದ ಮನೆಗೆ. ಪರಂಬಿಕುಲಂ–ಆಳಿಯಾರ್ ಕಾಲುವೆಯ ನೀರನ್ನು ಕಂಡ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಲೆಯಲ್ಲಿರುವವನಿಗೆ ತುಂಬಿ ಹರಿಯುತ್ತದೆ. ವೆಳ್ಳಕೋವಿಲಿನ ಕಡೆಯ ತುದಿಯವನು ಬಾಯಿ ಬಿಟ್ಟುಕೊಂಡು ಕಾಯುತ್ತಾನೆ. ವಿದ್ಯುತ್ತಿನ ತುದಿಯೂ ಹಾಗೆಯೇ. ಸಂಜೆ ಏಳರ ಹೊತ್ತಿಗೆ ಎಲ್ಲ ಮನೆಗಳಲ್ಲಿ ದೀಪ, ಟಿ.ವಿ., ಫ್ಯಾನು ಹತ್ತಿದಾಗ ಟ್ರಾನ್ಸ್‌ಫಾರ್ಮರಿನ ಬುಡದ ಮನೆಯಲ್ಲಿ 230 ವೋಲ್ಟು ಇದ್ದರೆ ತುದಿಯ ಮನೆಯಲ್ಲಿ 200ಕ್ಕೆ ಇಳಿದು ಟ್ಯೂಬ್‌ಲೈಟು ಮಿಣುಕುತ್ತದೆ.

ಈಗ ಆ ತುದಿಮನೆಯ ಮಾಳಿಗೆಯ ಮೇಲೆ ಪ್ಯಾನಲ್ ಬಂತು. ನಡುಹಗಲು ಮನೆಯವರೆಲ್ಲ ತೋಟದಲ್ಲಿದ್ದಾರೆ, ಮನೆಯಲ್ಲಿ ಬಳಕೆಯಿಲ್ಲ. ಪ್ಯಾನಲಿನ ಕರೆಂಟೆಲ್ಲ ತಂತಿಯನ್ನೇರಿ ಟ್ರಾನ್ಸ್‌ಫಾರ್ಮರಿನ ಕಡೆಗೆ ಹೊರಡಬೇಕು. ಹರಿವು ತಿರುಗಿದರೆ ವೋಲ್ಟೇಜಿನ ಏರಿಳಿತವೂ ತಿರುಗುತ್ತದೆ. ಸಂಜೆ ಯಾವ ತುದಿಯಲ್ಲಿ ವೋಲ್ಟೇಜು ಎಲ್ಲಕ್ಕಿಂತ ಕಡಿಮೆಯೋ, ಹಗಲು ಅದೇ ತುದಿಯಲ್ಲಿ ಎಲ್ಲಕ್ಕಿಂತ ಹೆಚ್ಚು. ಕಾಲುವೆಯಲ್ಲಿ ಈ ವಿಚಿತ್ರವಿಲ್ಲ, ತಂತಿಯಲ್ಲಿದೆ. ರಾತ್ರಿ ದೀಪ ಮಿಣುಕುವ ಮನೆಯಲ್ಲಿಯೇ ಹಗಲು ಇನ್ವರ್ಟರ್ ಮುನಿದು ನಿಲ್ಲುವುದು ಈ ಕಾರಣದಿಂದಲೇ. ಎರಡಕ್ಕೂ ಮೂಲ ಒಂದೇ: ಉದ್ದವಾದ, ತೆಳುವಾದ ತಂತಿ.

ಲೆಕ್ಕ ಮಾಡಿ ನೋಡೋಣ. 3 ಕಿಲೋವಾಟ್ ಪ್ಯಾನಲ್ ಪೂರ್ಣ ಬಲದಲ್ಲಿ ಓಡಿದರೆ 230 ವೋಲ್ಟಿನಲ್ಲಿ ಸುಮಾರು 13 ಆಂಪಿಯರ್ ಕರೆಂಟು ಹೊರಡುತ್ತದೆ. ಟ್ರಾನ್ಸ್‌ಫಾರ್ಮರಿನಿಂದ 400 ಮೀಟರ್ ದೂರದ ಮನೆಗೆ ಸಣ್ಣ ಅಲ್ಯುಮಿನಿಯಂ ತಂತಿಯಿದ್ದರೆ, ಹೋಗುವ ಎಳೆ ಬರುವ ಎಳೆ ಎರಡೂ ಸೇರಿ ಸುಮಾರು 1 ಓಂ ತಡೆಯಿದೆಯೆಂದು ಹಿಡಿಯಿರಿ. 13 ಆಂಪಿಯರನ್ನು 1 ಓಂನಿಂದ ಗುಣಿಸಿದರೆ 13 ವೋಲ್ಟು. ಹಗಲಿನಲ್ಲಿ ತಂತಿ ಮೊದಲೇ 240 ವೋಲ್ಟಿನಲ್ಲಿದ್ದರೆ ಮನೆಯಲ್ಲಿ 253 ಆಯಿತು. ಮೇಲೆ ಹೇಳಿದ 2013ರ ನಿಯಮದಂತೆ ವೋಲ್ಟೇಜು ನೂರಕ್ಕೆ ಹತ್ತು ಪಾಲು ಹೆಚ್ಚಾದರೆ, ಎಂದರೆ 230ಕ್ಕೆ 253ನ್ನು ಮೀರಿದರೆ, ಇನ್ವರ್ಟರ್ ಕಳಚಿಕೊಳ್ಳಬೇಕು. ಒಂದೇ ಮನೆಯಿಂದಲೇ ಗಡಿಯವರೆಗೆ ಬಂದೆವು.

ಪಕ್ಕದ ಇಬ್ಬರು ನೆಂಟರೂ ನೋಡಿ ಮೆಚ್ಚಿ ತಲಾ 3 ಕಿಲೋವಾಟ್ ಹಾಕಿಸಿದರು, ಮೂರು ಮನೆಗಳೂ ಒಂದೇ ಫೇಸಿನಲ್ಲಿವೆ ಎನ್ನಿ. ಏರಿಕೆ 13 ಅಲ್ಲ, 39 ವೋಲ್ಟು. ಮೂವರ ಪೆಟ್ಟಿಗೆಗಳೂ ಒಂದಾದ ಮೇಲೊಂದು ನಿಲ್ಲುತ್ತವೆ, ಮತ್ತೆ ಹತ್ತುತ್ತವೆ, ಮತ್ತೆ ನಿಲ್ಲುತ್ತವೆ. ಬಿಸಿಲು ಹೆಚ್ಚಾದಷ್ಟೂ ಉತ್ಪತ್ತಿ ಕಡಿಮೆ! ಅದೇ ಮೂರು ಮನೆಗಳನ್ನು ಫೇಸಿಗೊಂದರಂತೆ ಹಂಚಿದರೆ, ಮೂರೂ ಸಮತೂಕವಾಗಿ ನ್ಯೂಟ್ರಲ್ ತಂತಿಯಲ್ಲಿ ಹರಿವೇ ಹೆಚ್ಚುಕಡಿಮೆ ನಿಂತುಹೋಗುತ್ತದೆ. ಏರಿಕೆ 6 ಅಥವಾ 7 ವೋಲ್ಟಿನಷ್ಟು ಮಾತ್ರ. ತಂತಿಯನ್ನು ಬದಲಿಸಲಿಲ್ಲ, ಪ್ಯಾನಲನ್ನು ಇಳಿಸಲಿಲ್ಲ. ಕಂಬದ ಮೇಲೆ ಎಳೆಯನ್ನು ಬೇರೆಡೆಗೆ ಕಟ್ಟಿದ್ದಷ್ಟೇ. ಅರ್ಧ ದಿನದ ಈ ಕೆಲಸವನ್ನು ಇ.ಬಿ.ಯವರೇ ಮಾಡಬೇಕು, ನಾವು ಕಂಬಕ್ಕೆ ಕೈಹಾಕತಕ್ಕದ್ದಲ್ಲ.

ಊರಿನ ತಂತಿಯನ್ನು ದೂರುವ ಮೊದಲು ನಮ್ಮ ಮನೆಯ ತಂತಿಯನ್ನೂ ನೋಡಿಕೊಳ್ಳುವುದು ಒಳ್ಳೆಯದು. ಮಾಳಿಗೆಯ ಇನ್ವರ್ಟರಿನಿಂದ ಮೀಟರಿಗೆ 30 ಮೀಟರ್ ದೂರವಿದ್ದು, ಹಣ ಉಳಿಸಲು 2.5 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿ ಎಳೆದಿದ್ದರೆ ಅಲ್ಲಿಯೇ ಸುಮಾರು 6 ವೋಲ್ಟು ಏರುತ್ತದೆ. 6 ಚದರ ಮಿಲಿಮೀಟರಿನ ತಂತಿಯಾದರೆ ಎರಡೂವರೆ ವೋಲ್ಟು. ಅಷ್ಟರಿಂದಲೇ ಎಷ್ಟೋ ಮನೆಗಳ ತೊಂದರೆ ತೀರುತ್ತದೆ.

ಕೆಲವರು ಕೆಲಸಗಾರರನ್ನು ಕರೆಸಿ ಇನ್ವರ್ಟರಿನ ಒಳಗಿನ ಗಡಿಯನ್ನೇ 270ಕ್ಕೋ 280ಕ್ಕೋ ಏರಿಸಿಕೊಳ್ಳುತ್ತಾರೆಂದು ಕೇಳಿದ್ದೇವೆ. ಇದು ಸುತರಾಂ ಕೂಡದು. ತನ್ನ ಮನೆಯ ಯೂನಿಟ್ಟು ಹೆಚ್ಚಾಗಬಹುದು, ಪಕ್ಕದ ಮನೆಯ ಫ್ರಿಜ್ಜು ಸುಟ್ಟುಹೋಗುತ್ತದೆ. ಅವರಿಗೆ ಕಾರಣವೂ ತಿಳಿಯುವುದಿಲ್ಲ.

ಟ್ರಾನ್ಸ್‌ಫಾರ್ಮರಿಗೂ ಒಂದು ಅಳತೆಯಿದೆ. ನಮ್ಮ ಊರುಗಳಲ್ಲಿ 63 ಅಥವಾ 100 ಕೆ.ವಿ.ಎ.ಯವು ಸಾಮಾನ್ಯ, ಅದನ್ನು ಪೆಟ್ಟಿಗೆಯ ಮೇಲೆಯೇ ಬರೆದಿರುತ್ತಾರೆ. 63ರದಕ್ಕೆ ಇಪ್ಪತ್ತು ಮನೆಯವರು ತಲಾ 3 ಕಿಲೋವಾಟ್ ಸೇರಿಸಿದರೆ ಅಲ್ಲಿಗೆ ಅದು ತುಂಬಿದಂತೆಯೇ. ಇಪ್ಪತ್ತೊಂದನೆಯವರ ಅರ್ಜಿ ನಿಂತರೆ ಅದು ಅಧಿಕಾರಿಯ ಹಗೆತನವೆಂದು ತಿಳಿಯಬಾರದು. ಟ್ರಾನ್ಸ್‌ಫಾರ್ಮರನ್ನು ದೊಡ್ಡದು ಮಾಡಬೇಕೆಂದು ಊರವರು ಕೂಡಿ ಕೇಳಬೇಕು.

ಹಗಲಿನ ಕರೆಂಟನ್ನು ಹಗಲೇ, ಅಲ್ಲಲ್ಲೇ ಉಂಡುಬಿಟ್ಟರೆ ಈ ತೊಂದರೆಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದೇ ಇಲ್ಲ. ಮನೆಗಳೂ ಪಂಪುಸೆಟ್ಟುಗಳೂ ಒಂದೇ ಟ್ರಾನ್ಸ್‌ಫಾರ್ಮರಿನಲ್ಲಿರುವ ಊರುಗಳಿಗೆ ಇದೊಂದು ಭಾಗ್ಯ. 5 ಅಶ್ವಶಕ್ತಿಯ ಒಂದು ಮೋಟಾರು ಓಡುತ್ತಿದ್ದರೆ ಒಂದು ಮನೆಯ 3 ಕಿಲೋವಾಟನ್ನು ನುಂಗಿ ಇನ್ನೂ ಬೇಡುತ್ತದೆ. ರಾತ್ರಿ ಎದ್ದು ನೀರು ಕಟ್ಟುವ ಬದಲು ಹನ್ನೊಂದರಿಂದ ಮೂರರ ನಡುವೆ ತೋಟಕ್ಕೆ ನೀರು ಬಿಡುವಂತೆ ನಾಲ್ಕು ಮಂದಿ ಮಾತಾಡಿಕೊಂಡರೆ ತಂತಿಗೆ ಉಸಿರು ಬಂದಂತೆ. ಹಾವು ಚೇಳಿನ ಭಯವೂ ತಪ್ಪಿತು. ಮನೆಯಲ್ಲಿ ಹಿಟ್ಟು ರುಬ್ಬುವುದು, ಬಟ್ಟೆ ಒಗೆಯುವ ಯಂತ್ರ, ಮೇವು ಕತ್ತರಿಸುವ ಯಂತ್ರ, ಮೇಲಿನ ತೊಟ್ಟಿಗೆ ನೀರೇರಿಸುವುದು, ಇವೆಲ್ಲ ನಡುಹಗಲಿಗೆ ಸಲ್ಲುವ ಕೆಲಸಗಳು. ಸೋಮನೂರು, ಪಲ್ಲಡಗಳ ಕಡೆ ಯಂತ್ರಮಗ್ಗ ನಡೆಸುವ ಮನೆಗಳಿಗಂತೂ ಹೇಳಬೇಕಾದ್ದೇ ಇಲ್ಲ. ಹಗಲೆಲ್ಲ ಮಗ್ಗ ಓಡುವಲ್ಲಿ ಕರೆಂಟು ಕಂಬದವರೆಗೂ ಹೋಗುವುದಿಲ್ಲ.

ಓಡಂತುರೈ ಪಂಚಾಯತಿಯ ಲೆಕ್ಕ

"ನಮ್ಮ ಕರೆಂಟು ನಮಗೇ ಬರುತ್ತದೆಯೇ, ಇಲ್ಲ ಇ.ಬಿ.ಗೆ ಹೋಗುತ್ತದೆಯೇ?" ಎಂದು ಕೇಳುವವರಿಗೆ ನಮ್ಮ ಜಿಲ್ಲೆಯಲ್ಲಿಯೇ ಒಂದು ಉತ್ತರವಿದೆ. ಮೆಟ್ಟುಪಾಳಯದ ಹತ್ತಿರ, ನೀಲಗಿರಿಯ ಬುಡದಲ್ಲಿರುವ ಓಡಂತುರೈ ಗ್ರಾಮ ಪಂಚಾಯತಿ 2006ರಲ್ಲಿ ತನ್ನದೇ ಹೆಸರಿನಲ್ಲಿ 350 ಕಿಲೋವಾಟಿನ ಒಂದು ಗಾಳಿಯಂತ್ರವನ್ನು ಕೊಂಡಿತು. ಆಗ ಆರ್. ಷಣ್ಮುಗಂ ಅವರು ಅಧ್ಯಕ್ಷರಾಗಿದ್ದರು. ಬೆಲೆ 1 ಕೋಟಿ 55 ಲಕ್ಷ ರೂಪಾಯಿ. ಪಂಚಾಯತಿಯ ಉಳಿತಾಯದಿಂದ 40 ಲಕ್ಷ, ಮಿಕ್ಕದ್ದು ಬ್ಯಾಂಕಿನ ಸಾಲ. ಯಂತ್ರವನ್ನು ನಿಲ್ಲಿಸಿದ್ದು ಮಾತ್ರ ಓಡಂತುರೈಯಲ್ಲಿ ಅಲ್ಲ, ಪಾಲಕ್ಕಾಡಿನ ಕಣಿವೆಯಿಂದ ಗಾಳಿ ನುಗ್ಗುವ ಉಡುಮಲಪೇಟೆಯ ಹತ್ತಿರದ ಮೈವಾಡಿಯಲ್ಲಿ. ಇದು ಈಗ ತಿರುಪ್ಪೂರು ಜಿಲ್ಲೆಗೆ ಸೇರಿದೆ. ಎರಡು ಊರುಗಳ ನಡುವೆ ಕೊಯಮತ್ತೂರು ನಗರವೇ ಇದೆ.

ಹಾಗಾದರೆ ಮೈವಾಡಿಯ ಕರೆಂಟು ಓಡಂತುರೈಯ ಬೀದಿದೀಪಕ್ಕೂ ನೀರಿನ ಪಂಪಿಗೂ ಹೇಗೆ ಬಂತು? ಬರಲೇ ಇಲ್ಲ. ಅದು ಉಡುಮಲಪೇಟೆಯ ಸುತ್ತಿನ ಮೋಟಾರುಗಳಲ್ಲಿಯೇ ಕರಗಿಹೋಯಿತು. ಓಡಂತುರೈಗೆ ಬಂದದ್ದು ಲೆಕ್ಕ. ಅಲ್ಲಿ ಸುರಿದಷ್ಟು ಯೂನಿಟ್ಟನ್ನು ಇಲ್ಲಿಯ ಪಂಚಾಯತಿಯ ಬಾಬಿನಲ್ಲಿ ಜಮಾ ಹಿಡಿದರು. ವರ್ಷಕ್ಕೆ ಸುಮಾರು 6.75 ಲಕ್ಷ ಯೂನಿಟ್ ಉತ್ಪತ್ತಿ, ಪಂಚಾಯತಿಗೆ ಬೇಕಾದದ್ದು 4.5 ಲಕ್ಷ, ಉಳಿದದ್ದನ್ನು ವಿದ್ಯುತ್ ಮಂಡಲಿಗೆ ಮಾರಾಟ, ಹೀಗೆ ನಡೆಯಿತು ಅವರ ವ್ಯವಹಾರ. ಹಾಲಿನ ಸೊಸೈಟಿಗೆ ನಾವು ಹಾಕುವ ಹಾಲನ್ನೇ ನಮಗೆ ತಿರುಗಿ ಕೊಡುವುದಿಲ್ಲವಲ್ಲ, ಹಾಗೆಯೇ. ಮಾಳಿಗೆಯ ಪ್ಯಾನಲಿನದೂ ಇದೇ ನ್ಯಾಯ: ನಮ್ಮ ಹಗಲಿನ ಕರೆಂಟನ್ನು ಪಕ್ಕದ ತೋಟದ ಮೋಟಾರು ಉಣ್ಣುತ್ತದೆ, ನಮ್ಮ ರಾತ್ರಿಯ ದೀಪಕ್ಕೆ ಎಲ್ಲಿಯದೋ ಕರೆಂಟು ಬರುತ್ತದೆ, ಮೀಟರು ಎರಡನ್ನೂ ಬರೆದುಕೊಳ್ಳುತ್ತದೆ.

ಆದರೆ ಲೆಕ್ಕ ಸಲ್ಲಬೇಕಾದರೆ ಕರೆಂಟು ತಂತಿಗೆ ಇಳಿಯಲೇಬೇಕಷ್ಟೆ. ತಮಿಳುನಾಡಿನಲ್ಲಿ ಗಾಳಿಯಂತ್ರಗಳು ಸಾಲುಸಾಲಾಗಿ ಎದ್ದ ವರ್ಷಗಳಲ್ಲಿ ಅವುಗಳ ಕರೆಂಟನ್ನು ಸಾಗಿಸುವ ದೊಡ್ಡ ತಂತಿಗಳು ಸಾಲದೆ, ಗಾಳಿ ಬೀಸುತ್ತಿದ್ದರೂ ರೆಕ್ಕೆ ನಿಲ್ಲಿಸಬೇಕಾದ ದಿನಗಳಿದ್ದವು. ಮಾಳಿಗೆಯ ಪ್ಯಾನಲಿಗೆ ಊರಿನ ಒಳಗಿನ ಸಣ್ಣ ತಂತಿಯಲ್ಲಿ ಈಗ ಬಂದಿರುವುದು ಅದೇ ಕಷ್ಟ, ಚಿಕ್ಕ ಅಳತೆಯಲ್ಲಿ.

ಎಷ್ಟು ಕಿಲೋವಾಟ್ ಸಾಕು?

2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಒಂದು ಕೋಟಿ ಮನೆಗಳಿಗೆಂದು 'ಪಿ.ಎಂ. ಸೂರ್ಯಘರ್' ಯೋಜನೆಯನ್ನು ಮಂಜೂರು ಮಾಡಿತು. ಅವಧಿ 2026–27ರವರೆಗೆ. ಮೊದಲ 2 ಕಿಲೋವಾಟಿಗೆ ತಲಾ 30,000 ರೂ., ಮೂರನೆಯದಕ್ಕೆ 18,000 ರೂ., ಒಟ್ಟು 78,000 ರೂ. ಸಹಾಯಧನ, ಅದಕ್ಕೆ ಮೇಲೆ ಇಲ್ಲ. ಪೂರ್ತಿ ಸಹಾಯಧನ ಬಿಡಬಾರದೆಂದು ಎಲ್ಲರೂ 3 ಕಿಲೋವಾಟೇ ಹಾಕಿಸುವುದನ್ನು ನಾವು ಕಂಡಿದ್ದೇವೆ. ಇದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ನಮ್ಮ ಸೀಮೆಯ ಬಿಸಿಲಿನಲ್ಲಿ 1 ಕಿಲೋವಾಟ್ ಪ್ಯಾನಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಎರಡು ತಿಂಗಳ ಬಿಲ್ಲಿಗೆ 240 ಯೂನಿಟ್. ತಮಿಳುನಾಡು ಸರ್ಕಾರವು 2016ರಲ್ಲಿ ಮನೆಗಳಿಗೆ ಎರಡು ತಿಂಗಳಿಗೆ 100 ಯೂನಿಟ್ಟನ್ನು ಉಚಿತವಾಗಿ ಕೊಡಲು ತೊಡಗಿತು. ಎರಡು ತಿಂಗಳಿಗೆ 300 ಯೂನಿಟ್ ಉರಿಸುವ ಒಂದು ಸಾಧಾರಣ ಒಕ್ಕಲಿನ ಮನೆಯನ್ನು ತೆಗೆದುಕೊಂಡು ಈ 100ರ ಲೆಕ್ಕವನ್ನು ಹಿಡಿದರೆ ಹಣ ತೆರಬೇಕಾದದ್ದು 200 ಯೂನಿಟ್ಟಿಗೆ ಮಾತ್ರ. ಅಷ್ಟಕ್ಕೆ 1 ಕಿಲೋವಾಟೇ ಮಿಗಿಲು. 3 ಕಿಲೋವಾಟ್ ಹಾಕಿದರೆ ಹುಟ್ಟುವುದು 720 ಯೂನಿಟ್. ಅರ್ಧಕ್ಕಿಂತ ಹೆಚ್ಚು ಊರಿನ ತಂತಿಯ ಮೇಲೆ ಬೀಳುತ್ತದೆ, ವೋಲ್ಟೇಜನ್ನು ಏರಿಸುತ್ತದೆ, ಮನೆಯವರ ಸಾಲವನ್ನೂ ಏರಿಸುತ್ತದೆ. ಏರ್‌ಕಂಡೀಷನ್, ಕರೆಂಟಿನ ಸ್ಕೂಟರು, ಮಗ್ಗ ಇದ್ದವರ ಮಾತು ಬೇರೆ. ಹಿಂದಿನ ವರ್ಷದ ಆರು ಬಿಲ್ಲುಗಳನ್ನು ಮುಂದಿಟ್ಟುಕೊಂಡು ಕೂಡಿ ನೋಡದೆ ಯಾರ ಮಾತಿಗೂ ಸಹಿ ಹಾಕಬೇಡಿ.

ಸರಾಸರಿ ಎಂದೆವಷ್ಟೆ. ಜೂನ್, ಜುಲೈಗಳಲ್ಲಿ ಕಣಿವೆಯ ಮೋಡ ಕವಿದಾಗ ಇದು ಇಳಿಯುತ್ತದೆ. ಗಾಳಿಯಂತ್ರಗಳು ಭರದಿಂದ ತಿರುಗುವುದು ಆಗಲೇ. ಇನ್ನು ಪೊಳ್ಳಾಚಿಯ ಕಡೆಯವರಿಗೆ ಒಂದು ಮಾತು: ತೆಂಗಿನ ಒಂದು ಗರಿಯ ನೆರಳು ಒಂದು ಪ್ಯಾನಲಿನ ಮೇಲೆ ಬಿದ್ದರೂ ಅದರೊಡನೆ ಸರವಾಗಿ ಪೋಣಿಸಿದ ಉಳಿದವುಗಳ ಬಲವೂ ಕುಗ್ಗಬಹುದು. ಅದಕ್ಕಾಗಿ ಫಲಕ್ಕೆ ಬಂದ ಮರಕ್ಕೆ ಕೊಡಲಿ ಹಾಕಬೇಡಿ. ಪ್ಯಾನಲಿನ ಜಾಗವನ್ನು ಬದಲಿಸಿ. ಕಿಲೋವಾಟಿಗೆ ಸುಮಾರು 100 ಚದರ ಅಡಿ ಬಯಲಾದ ಜಾಗ ಬೇಕು.

ಅರ್ಜಿಗೆ ಮುಂಚೆ

ತಮಿಳುನಾಡು ವಿದ್ಯುತ್ ನಿಯಂತ್ರಣ ಆಯೋಗದ 2021ರ ಆಜ್ಞೆಯಂತೆ ಮನೆಬಳಕೆಯವರಿಗೆ ನೆಟ್ ಮೀಟರ್ ಪದ್ಧತಿಯುಂಟು, ಎಂದರೆ ತೆಗೆದುಕೊಂಡ ಯೂನಿಟ್ಟಿನಲ್ಲಿ ಕೊಟ್ಟ ಯೂನಿಟ್ಟನ್ನು ಕಳೆದು ಬಿಲ್ಲು ಮಾಡುವುದು. 2024ರಲ್ಲಿ ಮಂಡಲಿಯ ಕೆಲಸಗಳನ್ನು ವಿಂಗಡಿಸಿ ವಿತರಣೆಗೆಂದು ಬೇರೆ ನಿಗಮದ ಹೆಸರು ಬಂದಿದ್ದರೂ ಜನರ ಬಾಯಲ್ಲಿ ಅದು ಇ.ಬಿ. ಆಫೀಸೇ. ಅಲ್ಲಿಯ ಸೆಕ್ಷನ್ ಎಂಜಿನಿಯರರನ್ನು ಕಂಡು ನಾಲ್ಕು ಸಂಗತಿಗಳನ್ನು ಕೇಳಿ: ನಮ್ಮ ಟ್ರಾನ್ಸ್‌ಫಾರ್ಮರಿನಲ್ಲಿ ಇನ್ನೆಷ್ಟು ಸೋಲಾರಿಗೆ ಎಡೆಯಿದೆ, ನಮ್ಮ ಮನೆ ಯಾವ ಫೇಸಿನಲ್ಲಿದೆ, ಜಾಲಶುಲ್ಕವೇನಾದರೂ ಬೀಳುತ್ತದೆಯೇ, ವರ್ಷದ ಕೊನೆಗೆ ಉಳಿದ ಯೂನಿಟ್ಟಿಗೆ ಏನು ಕ್ರಮ. ಕಾಗದಗಳು ತಮಿಳಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುತ್ತವೆ. ಮನೆಯಲ್ಲಿ ಕನ್ನಡವನ್ನೇ ಆಡುವ ನಮ್ಮ ಅಜ್ಜ ಅಜ್ಜಿಯರ ಹೆಬ್ಬೆಟ್ಟು ಒತ್ತಿಸುವ ಮೊದಲು ಓದು ಬಲ್ಲ ಮಕ್ಕಳು ಪ್ರತಿ ಸಾಲನ್ನೂ ಅವರಿಗೆ ಬಿಡಿಸಿ ಹೇಳಲಿ.

ಸಂಜೆಯ ಹೊತ್ತು ನಿಮ್ಮ ಮನೆಯ ದೀಪ ಮಿಣುಕುತ್ತಿದ್ದರೆ ಮೊದಲು ಆ ತಂತಿಯ ವಿಷಯವನ್ನು ಬರೆದುಕೊಟ್ಟು ಸರಿಮಾಡಿಸಿಕೊಳ್ಳಿ, ಆಮೇಲೆ ಪ್ಯಾನಲಿಗೆ ಮುಂಗಡ ಕೊಡಿ. ಈಗಾಗಲೇ ಹಾಕಿಸಿದವರು ಹದಿನೈದು ದಿನ ಮಧ್ಯಾಹ್ನ ಹನ್ನೆರಡಕ್ಕೂ ಎರಡಕ್ಕೂ ಇನ್ವರ್ಟರಿನ ಮುಖದಲ್ಲಿ ಕಾಣುವ ವೋಲ್ಟೇಜನ್ನು ತಾರೀಖು ಹಾಕಿ ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಯಂತ್ರ ನಿಂತಿದ್ದರೆ ಅದನ್ನೂ ಬರೆಯಿರಿ. ನಿಂತ ಹೊತ್ತಿನ ಯೂನಿಟ್ಟು ಯಾವ ಮೀಟರಿನಲ್ಲಿಯೂ ಏರುವುದಿಲ್ಲ, ಯಾವ ಬಿಲ್ಲಿನಲ್ಲಿಯೂ ಕಾಣುವುದಿಲ್ಲ. ನೀವು ಬರೆದಿಟ್ಟದ್ದೇ ಅದಕ್ಕೆ ದಾಖಲೆ. ಅದೇ ಟ್ರಾನ್ಸ್‌ಫಾರ್ಮರಿನ ಉಳಿದ ಪ್ಯಾನಲ್ ಮನೆಯವರ ಪುಸ್ತಕಗಳನ್ನೂ ಸೇರಿಸಿ, ಎಲ್ಲರೂ ಸಹಿ ಮಾಡಿ, ಫೇಸ್ ಹಂಚಿಕೊಡಬೇಕೆಂದು ಸೆಕ್ಷನ್ ಆಫೀಸಿಗೆ ಅರ್ಜಿ ಕೊಟ್ಟು ನಕಲಿನ ಮೇಲೆ ಮುದ್ರೆ ಹಾಕಿಸಿಕೊಂಡು ಬನ್ನಿ.

ಅನ್ನೂರಿನ ಕಡೆಯ ಹಿರಿಯರಿಗೆ ನಾವು ಹೇಳಿದ್ದೂ ಇದನ್ನೇ. ಅವರ ನೋಟುಬುಕ್ಕಿನ ಮೊದಲ ವಾರದಲ್ಲಿ 248, 251, 253, ನಿಂತಿತು, 250, ನಿಂತಿತು, 252 ಎಂದಿತ್ತು. ಕರೆಂಟು ಹೋದ ದಿನ ಮಾತ್ರ ಅದು ನಿಲ್ಲುವುದೆಂದು ಅವರು ತಿಳಿದಿದ್ದರು.